ನೀರಿನ ಬಾಟಲಿಯಲ್ಲಿ ಮಾರುವ ಆಸಿಡ್ ಮತ್ತು ಮಕ್ಕಳ ಜಠರ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು – ಇವರಿಗೆ

ವಿಷಯ: ಬಿಡಿಯಾಗಿ ಮಾರುವ ಆಸಿಡ್ ಕುಡಿದು ಮಕ್ಕಳ ಜಠರಕ್ಕೆ ಆಗುತ್ತಿರುವ ಗಾಯ, ಅದರ ಚಿಕಿತ್ಸೆ ಮತ್ತು ತಡೆಯ ಕುರಿತು.

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನೆಲೆಸಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿದ್ದೇನೆ. ಸರ್ಕಾರಕ್ಕೆ ಅರ್ಜಿ ಹೇಗೆ ಬರೆಯಬೇಕೆಂಬುದು ಗೊತ್ತು, ಬರೆದ ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಿ ಎಲ್ಲಿ ಮಲಗುತ್ತದೆಂಬುದೂ ಗೊತ್ತು. ಕೊಟ್ಟ ಎರಡು ಮನವಿಗಳಿಗೆ ಉತ್ತರ ಬಾರದ್ದರಿಂದ ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನನ್ನ ಮೊಮ್ಮಗಳು ಕುಡಿದ ಆಸಿಡನ್ನು ಕೊಂಡವನೂ ನಾನೇ, ಅದನ್ನು ಮಗುವಿನ ಕೈಗೆ ಎಟುಕುವಲ್ಲಿ ಇಟ್ಟವನೂ ನಾನೇ. ಆ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಆದರೆ ಆ ಬಾಟಲಿ ನನ್ನ ಮನೆಗೆ ಬಂದ ಬಗೆಯಲ್ಲಿಯೂ, ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಡೆದದ್ದರಲ್ಲಿಯೂ ತಮ್ಮ ಸರ್ಕಾರ ಸರಿಪಡಿಸಬಹುದಾದ ಸಂಗತಿಗಳಿವೆ. ಅವುಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಕಳೆದ ವರ್ಷ ಗೌರಿ ಹಬ್ಬಕ್ಕೆ ಮಗಳು ಮತ್ತು ಮೊಮ್ಮಗಳು ಊರಿಗೆ ಬಂದಿದ್ದರು. ಮಗುವಿಗೆ ಆಗ ಮೂರು ವರ್ಷ ನಾಲ್ಕು ತಿಂಗಳು. ನಮ್ಮ ಬೀದಿಗೆ ಹದಿನೈದು ದಿನಕ್ಕೊಮ್ಮೆ ಮೊಪೆಡ್ಡಿನ ಹಿಂದೆ ನೀಲಿ ಕ್ಯಾನುಗಳನ್ನು ಕಟ್ಟಿಕೊಂಡು 'ಆಸಿಡ್, ಫಿನಾಯಿಲ್' ಎಂದು ಕೂಗುತ್ತ ಒಬ್ಬರು ಬರುತ್ತಾರೆ. ಹಬ್ಬಕ್ಕೆ ಬಚ್ಚಲು ತೊಳೆಯಬೇಕೆಂದು ಅವರಿಂದ ಒಂದು ಲೀಟರ್ ಕೊಂಡೆ. ಅವರು ಅದನ್ನು ಸುರಿದುಕೊಟ್ಟದ್ದು ಯಾರೋ ಕುಡಿದು ಎಸೆದ ಮಿನರಲ್ ವಾಟರ್ ಬಾಟಲಿಗೆ. ಕಂಪನಿಯ ಚೀಟಿ ಹಾಗೆಯೇ ಇತ್ತು. ಅದರ ಮೇಲೆ ಹಿಮದ ಬೆಟ್ಟದ ಚಿತ್ರ, ಕೆಳಗೆ 'ಶುದ್ಧ ಕುಡಿಯುವ ನೀರು' ಎಂಬ ಅಕ್ಷರ. ಒಳಗಿದ್ದ ದ್ರವಕ್ಕೂ ನೀರಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವೆಂದರೆ ಒಂದು ತೆಳು ಹಳದಿ ಛಾಯೆ, ಅದೂ ಬೆಳಕಿಗೆ ಹಿಡಿದರೆ ಮಾತ್ರ. ಹಿತ್ತಲ ಒಗೆಯುವ ಕಲ್ಲಿನ ಪಕ್ಕದಲ್ಲಿ ಇಟ್ಟಿದ್ದೆ. ಮಾರನೆಯ ಬೆಳಿಗ್ಗೆ ಎದ್ದ ಮಗು, ಬಾಯಾರಿಕೆಯಾಗಿ, ಇನ್ನೂ ಏನನ್ನೂ ತಿನ್ನುವ ಮುಂಚೆ, ಆ ಬಾಟಲಿಯನ್ನು ಎತ್ತಿತು.

ಕುಡಿದದ್ದು ಒಂದೇ ಗುಟುಕು. ಆ ವಯಸ್ಸಿನ ಮಗುವಿನ ಒಂದು ಗುಟುಕೆಂದರೆ ಸುಮಾರು ಒಂದು ಟೀ ಚಮಚೆಯಷ್ಟು. ಕಿರುಚಾಟ ಕೇಳಿ ಓಡಿ ಬಂದಾಗ ಕೆಳತುಟಿ ಬೆಳ್ಳಗಾಗಿತ್ತು, ಜೊಲ್ಲು ಸುರಿಯುತ್ತಿತ್ತು. ನೆರೆಯವರು ಉಪ್ಪುನೀರು ಕುಡಿಸಿ ಕಕ್ಕಿಸಿ ಎಂದರು. ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನಾನು ಹಾಗೆಯೇ ಮಾಡಿದೆ. ಆಸಿಡ್ ಕುಡಿದವರನ್ನು ವಾಂತಿ ಮಾಡಿಸಬಾರದು, ಒಳಗೆ ಹೋಗುವಾಗ ಸುಟ್ಟ ಅನ್ನನಾಳವನ್ನು ಅದು ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಕೆಲಸ ಮಾಡಿದ ಯಾವ ಶಾಲೆಯ ಗೋಡೆಯ ಮೇಲೂ, ನಾನು ಹೋದ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೂ ಅದನ್ನು ಬರೆದಿರಲಿಲ್ಲ. ಹಾವು ಕಡಿದರೆ ಏನು ಮಾಡಬೇಕು, ನಾಯಿ ಕಚ್ಚಿದರೆ ಏನು ಮಾಡಬೇಕು ಎಂಬ ಫಲಕಗಳನ್ನು ಎಷ್ಟೋ ಕಡೆ ನೋಡಿದ್ದೇನೆ.

ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಎರಡನೆಯ ದಿನ ಮಗು ಹಾಲು ಕುಡಿಯಿತು, ಮೂರನೆಯ ದಿನ ಗಂಜಿ ಉಂಡಿತು. ಬಾಯಿಯ ಹುಣ್ಣು ಬೇಗ ಮಾಗಿತು. ಬಾಯಿ ಚೆನ್ನಾಗಿದೆ, ಒಳಗೂ ಚೆನ್ನಾಗಿರುತ್ತದೆ ಎಂದು ಎರಡು ಸಿರಪ್ ಬರೆದು ಕಳುಹಿಸಿಕೊಟ್ಟರು. ವಾರ ಬಿಟ್ಟು ತೋರಿಸಿದಾಗಲೂ 'ಏನೂ ಇಲ್ಲ, ಅದೃಷ್ಟವಂತೆ' ಎಂದರು. ನಾವೂ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು.

ನವರಾತ್ರಿ ಶುರುವಾದ ವಾರದಲ್ಲಿ ವಾಂತಿ ಆರಂಭವಾಯಿತು. ಮೊದಲು ದಿನಕ್ಕೊಮ್ಮೆ, ಆಮೇಲೆ ಉಂಡದ್ದೆಲ್ಲ. ಒಂದು ಸಂಜೆ ನನ್ನ ಮಡಿಲಲ್ಲಿದ್ದಾಗ ಎದೆಯ ಮೇಲೆ ಚಿಮ್ಮಿ ಬಂದ ವಾಂತಿಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ತಿಂದಿದ್ದ ಚಿತ್ರಾನ್ನದ ಅಗುಳುಗಳು ಕಡಲೆಬೇಳೆಯ ಸಮೇತ ಹಾಗೆಯೇ ಇದ್ದವು. ಎತ್ತಿಕೊಂಡು ನಡೆದರೆ ಹೊಟ್ಟೆಯಲ್ಲಿ ಎಳನೀರು ಅಲ್ಲಾಡಿಸಿದಂತೆ ಸದ್ದು. ಹುಳದ ಔಷಧಿ ಕೊಟ್ಟರು, ಗ್ಯಾಸಿಗೆ ಕೊಟ್ಟರು, ಇನ್ನೊಬ್ಬರು ಕಾಮಾಲೆಯಿರಬಹುದೆಂದು ರಕ್ತ ಪರೀಕ್ಷೆಗೆ ಬರೆದರು. ಆಸಿಡ್ ಕುಡಿದದ್ದನ್ನು ನಾವೇ ಪ್ರತಿ ಸಲ ಹೇಳಿದೆವು. ಅದು ಹೋದ ತಿಂಗಳ ಮಾತಲ್ಲವೇ ಎಂಬ ಉತ್ತರ ಬಂತು. ಹದಿಮೂರು ಕಿಲೋ ಇದ್ದ ಮಗು ದೀಪಾವಳಿಯ ಹೊತ್ತಿಗೆ ಹತ್ತೂವರೆ ಕಿಲೋಗೆ ಇಳಿದಿತ್ತು.

ಕೊನೆಗೆ ಬೆಂಗಳೂರಿನ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಹೋದೆವು. ಅಲ್ಲಿಯ ವೈದ್ಯರೊಬ್ಬರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ವಾಂತಿ ಹಸಿರಾಗಿರುತ್ತದೆಯೇ? ಇಲ್ಲವೆಂದೆವು. ಮಗುವನ್ನು ಅಂಗಾತ ಮಲಗಿಸಿ, ಸ್ವಲ್ಪ ಹಾಲು ಕುಡಿಸಿ, ಹೊಟ್ಟೆಯನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಎಡ ಪಕ್ಕೆಯ ಕೆಳಗಿನಿಂದ ಬಲಕ್ಕೆ, ಚರ್ಮದ ಅಡಿಯಲ್ಲಿ ಒಂದು ಉಬ್ಬು ನಿಧಾನವಾಗಿ ಅಲೆಯಂತೆ ಹರಿದು ಹೋಗುತ್ತಿತ್ತು, ಹೋಗಿ ಒಂದು ಕಡೆ ನಿಂತುಬಿಡುತ್ತಿತ್ತು. ಜಠರ ತನ್ನೆಲ್ಲ ಬಲ ಹಾಕಿ ಮುಚ್ಚಿದ ಬಾಗಿಲನ್ನು ತಳ್ಳುತ್ತಿದೆ ಎಂದು ಅವರು ಹೇಳಿದರು. ಪಿತ್ತರಸ ಬಂದು ಸೇರುವುದು ಆ ಬಾಗಿಲಿನಿಂದಾಚೆ. ಆದ್ದರಿಂದಲೇ ವಾಂತಿ ಹಸಿರಾಗಿರಲಿಲ್ಲ. ಆರು ವಾರ ನಾಲ್ಕು ಕಡೆ ತೋರಿಸಿದ್ದ ಹೊಟ್ಟೆಯನ್ನು ಅಷ್ಟು ಹೊತ್ತು ನೋಡಿದವರು ಅವರೊಬ್ಬರೇ. ಬಾಯಿಯಿಂದ ಕ್ಯಾಮೆರಾ ಇರುವ ತೆಳು ನಳಿಕೆ ಇಳಿಸಿ ಒಳಗನ್ನು ನೋಡುವ ಎಂಡೋಸ್ಕೋಪಿ ಮಾಡಿದಾಗ ಜಠರದ ಕೆಳಬಾಯಿ ಗುಂಡುಸೂಜಿಯ ತಲೆಯಷ್ಟಾಗಿತ್ತು.

ಆ ವೈದ್ಯರಿಂದಲೂ ಆಮೇಲೆ ಓದಿಯೂ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಇದು ತಮಗೆ ಹೊಸತಲ್ಲದಿರಬಹುದು, ಪತ್ರ ಓದುವ ತಂದೆತಾಯಂದಿರಿಗೆ ಬೇಕಾದೀತು. ನಮ್ಮ ಜಠರ ತಾನೇ ಹೈಡ್ರೋಕ್ಲೋರಿಕ್ ಆಮ್ಲವನ್ನು ತಯಾರಿಸುತ್ತದೆ, ಆದರೆ ಅದರ ಪ್ರಮಾಣ ಶೇಕಡ ಅರ್ಧದಷ್ಟು. ಕಾರ್ಖಾನೆಯಿಂದ ಬರುವ ಅದೇ ಆಮ್ಲದ ಸಾಂದ್ರತೆ ಸಾಮಾನ್ಯವಾಗಿ ಶೇ 30ರ ಆಸುಪಾಸು. ಕ್ಯಾನಿನಿಂದ ಸುರಿದುಕೊಡುವವರು ಅದಕ್ಕೆ ಎಷ್ಟು ನೀರು ಬೆರೆಸಿದ್ದಾರೆ, ಬೆರೆಸಿದ್ದಾರೋ ಇಲ್ಲವೋ, ಯಾರಿಗೂ ತಿಳಿಯದು. ಕಾಸ್ಟಿಕ್ ಸೋಡಾದಂಥ ಕ್ಷಾರಗಳು ಅನ್ನನಾಳದ ಗೋಡೆಯನ್ನು ಕರಗಿಸಿಕೊಂಡು ಆಳಕ್ಕೆ ಇಳಿಯುತ್ತವೆ. ಆಮ್ಲವಾದರೋ ಅನ್ನನಾಳದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಜಠರಕ್ಕೆ ಜಾರುತ್ತದೆ. ಆ ಉರಿಗೆ ಜಠರದ ಕೆಳಬಾಯಿ ಬಿಗಿದು ಮುಚ್ಚಿಕೊಳ್ಳುವುದರಿಂದ ಅದು ಅಲ್ಲಿಯೇ ಮಡುಗಟ್ಟುತ್ತದೆ. ಬರಿಹೊಟ್ಟೆಯಾಗಿದ್ದರೆ ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅನ್ನನಾಳ ಹೆಚ್ಚು ಕೆಡದೆ ಜಠರ ಮಾತ್ರ ಕೆಡುವುದೂ ಉಂಟು, ಬಾಯಲ್ಲಿ ಒಂದು ಗುಳ್ಳೆಯೂ ಇಲ್ಲದೆ ಒಳಗೆ ಆಳವಾದ ಗಾಯವಿರುವುದೂ ಉಂಟು. ಬಾಯಿ ನೋಡಿ ಹೊಟ್ಟೆಯನ್ನು ಅಳೆಯಲಾಗದು.

ಅಳೆಯುವ ದಾರಿ ಎಂಡೋಸ್ಕೋಪಿ. ಕುಡಿದ ಮೊದಲ ಒಂದೆರಡು ದಿನಗಳ ಒಳಗೆ ಅದನ್ನು ಮಾಡಿದರೆ ಗಾಯ ಯಾವ ಮಟ್ಟದ್ದೆಂದು ಗೊತ್ತಾಗುತ್ತದೆ. ಆ ಮಟ್ಟಗಳನ್ನು ಗುರುತಿಸಲು ಜಗತ್ತಿನ ಆಸ್ಪತ್ರೆಗಳು ಇಂದು ಬಳಸುವ ಶ್ರೇಣಿಯನ್ನು 1991ರಲ್ಲಿ ಪ್ರಕಟಿಸಿದವರು ನಮ್ಮದೇ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು. ಬರಿಯ ಕೆಂಪು, ಮೇಲುಮೇಲಿನ ಹುಣ್ಣಾದರೆ ಕಲೆಯಿಲ್ಲದೆ ಮಾಗುತ್ತದೆ. ಸುತ್ತಲೂ ಹಬ್ಬಿದ ಆಳದ ಹುಣ್ಣಾದರೆ ಮಾಗುವಾಗ ಮುದುಡಿಕೊಂಡು ದಾರಿಯನ್ನು ಕಿರಿದಾಗಿಸುತ್ತದೆ. ಮೊದಲ ವಾರದ ಕೊನೆ ಮತ್ತು ಎರಡನೆಯ ವಾರದಲ್ಲಿ ಗೋಡೆ ಅತ್ಯಂತ ದುರ್ಬಲವಾಗಿರುವುದರಿಂದ ಆಗ ನಳಿಕೆ ಇಳಿಸಲು ವೈದ್ಯರು ಹಿಂಜರಿಯುತ್ತಾರೆ. ಮೂರನೆಯ ವಾರದಿಂದ ಮುದುಡುವಿಕೆ ಆರಂಭ. ಮಗು ಮೊದಲ ತಿಂಗಳು ಆಡಿಕೊಂಡಿದ್ದು, ಆಮೇಲೆ ವಾಂತಿ ಮಾಡುತ್ತ ಸೊರಗುವುದು ಈ ಗಾಯಕ್ಕೆ ವಿಚಿತ್ರವೇನಲ್ಲ. ಅದರ ಸ್ವಭಾವವೇ ಅದು. ನಮ್ಮ ಕೈಗೆ ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ 'ಮೂರರಿಂದ ಎಂಟನೆಯ ವಾರದಲ್ಲಿ ವಾಂತಿ ಬಂದರೆ, ತೂಕ ಇಳಿದರೆ, ನುಂಗಲು ಕಷ್ಟವಾದರೆ ತಕ್ಷಣ ಬನ್ನಿ' ಎಂಬ ಒಂದು ಸಾಲಿದ್ದಿದ್ದರೆ ಎರಡೂವರೆ ಕಿಲೋ ಕರಗುವವರೆಗೆ ನಾವು ಕಾಯುತ್ತಿರಲಿಲ್ಲ. ಈ ಪತ್ರದಲ್ಲಿ ನನ್ನ ದೊಡ್ಡ ದೂರು ಇದೇ.

ಚಿಕಿತ್ಸೆಯ ಕಥೆಯನ್ನು ಲಂಬಿಸುವುದಿಲ್ಲ. ಮೂಗಿನಿಂದ ಸಣ್ಣ ಕರುಳಿನವರೆಗೆ ಕೊಳವೆ ಇಳಿಸಿ ಮೊದಲು ಮಗುವಿಗೆ ಆಹಾರ ಕೊಟ್ಟರು. ಮುದುಡಿದ್ದ ಜಠರದ ಕೆಳಬಾಯಿಯನ್ನು ಮೂರು ಬಾರಿ ಬಲೂನು ಹಾಕಿ ಹಿಗ್ಗಿಸಿದರು. ಪ್ರತಿ ಬಾರಿಯೂ ಕೆಲವು ದಿನ ಸರಿಯಾಗಿ ಮತ್ತೆ ಮುಚ್ಚಿಕೊಂಡಿತು. ಸಂಕ್ರಾಂತಿ ಕಳೆದ ಮೇಲೆ ಶಸ್ತ್ರಚಿಕಿತ್ಸೆ ಮಾಡಿ, ಮುಚ್ಚಿದ ಬಾಗಿಲನ್ನು ಬಿಟ್ಟು ಜಠರಕ್ಕೂ ಸಣ್ಣ ಕರುಳಿಗೂ ಬೇರೆ ದಾರಿ ಮಾಡಿಕೊಟ್ಟರು. ಈಗ ಮಗು ಉಣ್ಣುತ್ತದೆ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಏಳೆಂಟು ಸಲ. ಬಾಟಲಿಯಿಂದ ನೀರು ಕುಡಿಯುವುದಿಲ್ಲ. ಲೋಟವೇ ಬೇಕು, ಅದೂ ಅವಳ ಕಣ್ಣೆದುರಿಗೇ ಕೊಡದಿಂದ ಬಗ್ಗಿಸಿದ್ದಾಗಿರಬೇಕು.

ಸಲ್ಲಬೇಕಾದ ಮಾತನ್ನೂ ಹೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಶಸ್ತ್ರಚಿಕಿತ್ಸೆಗೆ ನಮ್ಮಿಂದ ಒಂದು ರೂಪಾಯಿಯನ್ನೂ ಪಡೆಯಲಿಲ್ಲ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಎಂಬ ಮಾತು ನಮ್ಮ ಮಟ್ಟಿಗೆ ನಿಜವಾಯಿತು. ಆದರೆ ಪ್ರತಿ ಬಾರಿ ಬಲೂನು ಹಾಕಿಸಲು ಹೋಗುವಾಗಲೂ ತಾಲ್ಲೂಕಿನಿಂದ ಹೊಸದಾಗಿ ಶಿಫಾರಸು ಪತ್ರ ತನ್ನಿರೆಂದರು. ಪತ್ರ ಬರೆಯಬೇಕಾದವರು ರಜೆಯಲ್ಲಿದ್ದಾರೆಂದು ಒಮ್ಮೆ ನಾಲ್ಕು ದಿನ ತಡವಾಯಿತು. ಇದು ಒಮ್ಮೆ ಮಾಡಿ ಮುಗಿಯುವ ಚಿಕಿತ್ಸೆಯಲ್ಲ. ಅನ್ನನಾಳ ಕಿರಿದಾದ ಮಕ್ಕಳಿಗಂತೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಎರಡು ಮೂರು ವಾರಕ್ಕೊಮ್ಮೆ ಹಿಗ್ಗಿಸುತ್ತಲೇ ಇರಬೇಕಾಗುತ್ತದೆ. ಅದೇ ಮಗು, ಅದೇ ಗಾಯ, ಅದೇ ಆಸ್ಪತ್ರೆ. ಪತ್ರ ಮಾತ್ರ ಪ್ರತಿ ಸಲ ಹೊಸದೇಕೆ?

ಇನ್ನು ಮಾರಾಟದ ವಿಷಯ. 2013ರ ಜುಲೈ 18ರಂದು ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿಯವರು ಹೂಡಿದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಕೊಳ್ಳುವವರ ಹೆಸರು, ವಿಳಾಸ, ಕೊಟ್ಟ ಪ್ರಮಾಣ ಬರೆದಿಡುವ ಪುಸ್ತಕವಿಲ್ಲದೆ ಅಂಗಡಿಯಲ್ಲಿ ಆಸಿಡ್ ಮಾರಬಾರದು, ಸರ್ಕಾರ ಕೊಟ್ಟ, ಭಾವಚಿತ್ರವಿರುವ ಗುರುತಿನ ಚೀಟಿ ನೋಡಬೇಕು, ಯಾವ ಕೆಲಸಕ್ಕೆಂದು ಕೇಳಬೇಕು, 18 ತುಂಬದವರಿಗೆ ಕೊಡಬಾರದು, ದಾಸ್ತಾನನ್ನು ಉಪವಿಭಾಗಾಧಿಕಾರಿಗೆ ತಿಳಿಸಬೇಕು, ತಪ್ಪಿದರೆ 50,000 ರೂಪಾಯಿಯವರೆಗೆ ದಂಡ. ಮಗುವನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ನಾನು ನಮ್ಮೂರಿನ ಮೂರು ಅಂಗಡಿಗಳಿಗೆ ಹೋಗಿ ಆಸಿಡ್ ಕೇಳಿದೆ. ಮೂರೂ ಕಡೆ ಕೊಟ್ಟರು. ಗುರುತಿನ ಚೀಟಿ ಕೇಳಿದವರಿಲ್ಲ. ಒಬ್ಬರು 'ಮೇಷ್ಟ್ರೇ, ಬಾಟಲಿ ತಂದಿದ್ದೀರಾ?' ಎಂದು ಮಾತ್ರ ಕೇಳಿದರು. ಮೊಪೆಡ್ಡಿನವರಿಗಂತೂ ಅಂಗಡಿಯೂ ಇಲ್ಲ, ಪುಸ್ತಕವೂ ಇಲ್ಲ. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ, ಅವರ ಕೈಬೆರಳುಗಳೂ ಅದೇ ಆಸಿಡ್ ತಾಗಿ ಕಲೆಗಟ್ಟಿವೆ. ಆದರೆ ಅವರ ಕ್ಯಾನು ತುಂಬಿಸಿ ಕಳುಹಿಸುವ ಸಗಟು ವ್ಯಾಪಾರಿಗೆ ವಿಳಾಸವಿದೆ, ಪರವಾನಗಿ ಕೇಳಬಹುದು.

ಈ ಬಗ್ಗೆ ಒಂದು ಕಚೇರಿಗೆ ಮನವಿ ಕೊಟ್ಟಾಗ ಅಲ್ಲಿಯ ಗುಮಾಸ್ತರು ಕೇಳಿದರು: 'ಯಾರಾದರೂ ಎರಚಿದರೇ?' ಇಲ್ಲ, ಮಗು ಕುಡಿಯಿತು ಎಂದೆ. 'ಹಾಗಾದರೆ ಅದು ಆಸಿಡ್ ದಾಳಿಯ ಕೆಳಗೆ ಬರುವುದಿಲ್ಲವಲ್ಲ' ಎಂದು ಅರ್ಜಿಯನ್ನು ಪಕ್ಕಕ್ಕಿಟ್ಟರು. ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಎರಚಿದವರಿಗೆ ಶಿಕ್ಷೆ, ಎರಚಿಸಿಕೊಂಡವರಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಎಂಬ ವ್ಯವಸ್ಥೆ ಬರಲು ಎಷ್ಟು ಹೆಣ್ಣುಮಕ್ಕಳು ಎಷ್ಟು ನೋಯಬೇಕಾಯಿತೆಂಬುದು ನನಗೆ ಗೊತ್ತಿದೆ, ಅದರಲ್ಲಿ ಪಾಲು ಕೇಳುತ್ತಿಲ್ಲ. ಆದರೆ ಅಂಗಡಿಯ ಪುಸ್ತಕದ ನಿಯಮ ಜಾರಿಯಲ್ಲಿದ್ದರೆ ಮುಖಕ್ಕೆ ಬೀಳುವ ಆಸಿಡೂ ನಿಲ್ಲುತ್ತದೆ, ಮಗುವಿನ ಹೊಟ್ಟೆಗೆ ಇಳಿಯುವ ಆಸಿಡೂ ನಿಲ್ಲುತ್ತದೆ. ಎರಡಕ್ಕೂ ಕ್ಯಾನು ಒಂದೇ. ವಿಷವಸ್ತುವನ್ನು ಅಜಾಗರೂಕತೆಯಿಂದ ನಿರ್ವಹಿಸುವುದು ಭಾರತೀಯ ನ್ಯಾಯ ಸಂಹಿತೆಯ 286ನೇ ಕಲಮಿನಡಿ ಅಪರಾಧವಾಗಿದೆ. ಆ ಕಲಮನ್ನು ನನ್ನ ಮೇಲೆಯೂ ಹಾಕಬಹುದು, ನಾನು ತಕರಾರು ಮಾಡುವುದಿಲ್ಲ.

ಬೇರೆ ದೇಶದ ಒಂದು ಮಾತು ಇಲ್ಲಿ ಪ್ರಸ್ತುತ. ನೂರು ವರ್ಷದ ಹಿಂದೆ ಅಮೆರಿಕದ ಮನೆಗಳಲ್ಲಿ ಸೋಪು ಮಾಡಲು, ಪಾತ್ರೆ ತಿಕ್ಕಲು ತೀಕ್ಷ್ಣ ಕ್ಷಾರವನ್ನು ಬಳಸುತ್ತಿದ್ದರು, ಅದನ್ನು ಮಕ್ಕಳು ನುಂಗುತ್ತಿದ್ದರು. ಅನ್ನನಾಳ ಮುಚ್ಚಿಹೋದ ಅಂಥ ಮಕ್ಕಳಿಗೆ ಚಿಕಿತ್ಸೆ ಮಾಡುತ್ತಿದ್ದ ಫಿಲಡೆಲ್ಫಿಯಾದ ಗಂಟಲು ವೈದ್ಯ ಷೆವಲಿಯರ್ ಜಾಕ್ಸನ್, ಆಪರೇಷನ್ ಕೋಣೆಯಲ್ಲಷ್ಟೇ ಕೂರದೆ ಶಾಸನ ಸಭೆಗಳ ಬಾಗಿಲು ತಟ್ಟಿದರು. 1927ರಲ್ಲಿ ಅಲ್ಲಿ ಕಾಯಿದೆ ಬಂತು. ಸುಡುವ ವಸ್ತುವಿನ ಡಬ್ಬಿಯ ಮೇಲೆ 'ವಿಷ' ಎಂದು ದೊಡ್ಡದಾಗಿ ಬರೆಯುವುದು ಕಡ್ಡಾಯವಾಯಿತು. 1970ರಲ್ಲಿ ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳಗಳಿಗೂ ಕಾಯಿದೆಯಾಯಿತು. ಅಂಥ ಮುಚ್ಚಳದ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನದಂಡವೂ ಇದೆ: ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೆ ಡಬ್ಬಿ ಕೊಟ್ಟು ಐದು ನಿಮಿಷ ಬಿಡುತ್ತಾರೆ, ನೂರಕ್ಕೆ ಎಂಬತ್ತೈದು ಮಕ್ಕಳಾದರೂ ತೆರೆಯಲಾಗದಿದ್ದರೆ ಮಾತ್ರ ಮುಚ್ಚಳ ತೇರ್ಗಡೆ. ನಮ್ಮಲ್ಲಿಯೂ ಶೌಚಾಲಯ ತೊಳೆಯುವ ಕೆಲವು ಕಂಪನಿ ಬಾಟಲಿಗಳಿಗೆ ಹಿಂಡಿ ತಿರುಗಿಸುವ ಮುಚ್ಚಳವಿದೆ. ನೀರಿನ ಬಾಟಲಿಯ ಮುಚ್ಚಳವನ್ನಾದರೋ ನಾವೇ ಮಕ್ಕಳಿಗೆ ತೆರೆಯಲು ಕಲಿಸಿರುತ್ತೇವೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಕುಡಿಯುವ ನೀರಿನ, ತಂಪು ಪಾನೀಯದ ಬಾಟಲಿಯಲ್ಲಿ ಆಸಿಡ್ ಮಾರುವುದನ್ನು ರಾಜ್ಯದಲ್ಲಿ ಸಂಪೂರ್ಣವಾಗಿ ನಿಲ್ಲಿಸಬೇಕು, ಸಗಟು ವ್ಯಾಪಾರಿಯಿಂದಲೇ ಆ ತಪಾಸಣೆ ಆರಂಭವಾಗಬೇಕು. ಗೃಹ ಇಲಾಖೆ, ಕಂದಾಯ ಇಲಾಖೆ ಎಂದು ಕಡತ ತಿರುಗುವುದು ನನಗೆ ಗೊತ್ತಿರುವುದರಿಂದ ಕೇಳುತ್ತಿದ್ದೇನೆ, ಗಾಯ ನೋಡುವ ಇಲಾಖೆಯೇ ಆ ಕಡತವನ್ನು ಆರಂಭಿಸಲಿ. ಅಕ್ಕಸಾಲೆಯ, ಬ್ಯಾಟರಿ ಅಂಗಡಿಯ ಆಮ್ಲಗಳನ್ನೂ, ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲವನ್ನೂ ಅದರಲ್ಲಿ ಸೇರಿಸಬೇಕು.

ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ ಮತ್ತು ಶಾಲೆಗಳ ಗೋಡೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಬೇಕು: ವಾಂತಿ ಮಾಡಿಸಬೇಡಿ, ಉಪ್ಪುನೀರು, ನಿಂಬೆರಸ, ಎಣ್ಣೆ, ಮೊಟ್ಟೆ ಏನನ್ನೂ ಕುಡಿಸಬೇಡಿ, ಬಾಯಿ, ಮುಖ ತೊಳೆದು, ಒದ್ದೆಯಾದ ಬಟ್ಟೆ ತೆಗೆದು, ಕುಡಿದ ಬಾಟಲಿಯ ಸಮೇತ 108ರಲ್ಲಿ ಆಸ್ಪತ್ರೆಗೆ ಬನ್ನಿ, ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಸಂಖ್ಯೆಗೆ ಹಗಲು ರಾತ್ರಿ ಕರೆ ಮಾಡಬಹುದು. ಇದೇ ನೆಪದಲ್ಲಿ ಒಂದು ಸುತ್ತೋಲೆ ಶಾಲೆಗಳಿಗೂ ಹೋಗಲಿ. ಶೌಚಾಲಯದ ಆಸಿಡನ್ನು ಬಿಸಿಯೂಟದ ದಾಸ್ತಾನು ಕೋಣೆಯಲ್ಲಿ, ಎಣ್ಣೆ ಡಬ್ಬಿಯ ಪಕ್ಕದಲ್ಲಿ ಇಡುವುದನ್ನು ನಾನೇ ಸೇವೆಯಲ್ಲಿದ್ದಾಗ ಕಂಡಿದ್ದೇನೆ, ಕಂಡೂ ಸುಮ್ಮನಿದ್ದೆ.

ಆಸಿಡ್ ಅಥವಾ ಕ್ಷಾರ ಕುಡಿದ ಮಗುವನ್ನು, ಬಾಯಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮನೆಗೆ ಕಳುಹಿಸದೆ, ಎಂಡೋಸ್ಕೋಪಿ ಬೇಕೇ ಎಂದು ತೀರ್ಮಾನಿಸಬಲ್ಲ ಆಸ್ಪತ್ರೆಗೆ ಮೊದಲ ದಿನವೇ ಕಳುಹಿಸುವಂತೆ ಸರ್ಕಾರಿ, ಖಾಸಗಿ ಎರಡೂ ಕಡೆ ಲಿಖಿತ ಸೂಚನೆ ಹೋಗಬೇಕು. ಡಿಸ್ಚಾರ್ಜ್ ಕಾಗದದಲ್ಲಿ ನಾನು ಮೇಲೆ ಹೇಳಿದ ಸಾಲು ಕನ್ನಡದಲ್ಲಿ ಇರಬೇಕು. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗುವಂತೆ ಅಂಥ ಮಗುವಿನ ಮನೆಗೂ ಎರಡು ತಿಂಗಳು ವಾರಕ್ಕೊಮ್ಮೆ ಹೋಗಿ ತೂಕ ನೋಡಿದರೆ ಸಾಕು. ಈ ಕಾಯಿಲೆಯನ್ನು ಹಿಡಿಯಲು ಅಂಗನವಾಡಿಯ ತಕ್ಕಡಿಗಿಂತ ದೊಡ್ಡ ಯಂತ್ರ ಬೇಕಿಲ್ಲ. ಅವರ ಮೇಲೆ ಈಗಾಗಲೇ ಎಷ್ಟು ಹೊರೆಯಿದೆಯೆಂದು ಬಲ್ಲೆ. ಈ ಕೆಲಸಕ್ಕೆ ಪ್ರತ್ಯೇಕ ಗೌರವಧನ ಕೊಟ್ಟೇ ಹೇಳಬೇಕು. ಒಮ್ಮೆ ಕೊಟ್ಟ ಶಿಫಾರಸು ಪತ್ರ ಆ ಗಾಯದ ಚಿಕಿತ್ಸೆ ಮುಗಿಯುವವರೆಗೆ ಊರ್ಜಿತವಾಗಿರಲಿ. ಮತ್ತು ವರ್ಷಕ್ಕೆ ಎಷ್ಟು ಮಕ್ಕಳು ಹೀಗೆ ಬರುತ್ತಾರೆಂಬುದನ್ನು ಜಿಲ್ಲಾವಾರು ಎಣಿಸಿ ಪ್ರಕಟಿಸಲಿ. ಬೆಂಗಳೂರಿನಲ್ಲಿ ನಾವಿದ್ದ ವಾರ್ಡಿನಲ್ಲಿಯೇ ಇನ್ನಿಬ್ಬರು ಮಕ್ಕಳಿದ್ದರು. ಒಬ್ಬ ಹುಡುಗ ತಂದೆಯ ಗ್ಯಾರೇಜಿನ ಬ್ಯಾಟರಿ ನೀರು ಕುಡಿದವನು, ಇನ್ನೊಬ್ಬಳು ಮೋರಿ ಶುಚಿ ಮಾಡುವ ಪುಡಿಯನ್ನು ಸಕ್ಕರೆಯೆಂದು ಬಾಯಿಗೆ ಹಾಕಿಕೊಂಡವಳು. ಮೂವರ ತಾಯಂದಿರೂ ರಾತ್ರಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು.

ನಮ್ಮ ಮಗು ಕುಡಿದ ಬಾಟಲಿಯನ್ನು ನಾನು ಎಸೆದಿಲ್ಲ. ಒಳಗಿದ್ದದ್ದನ್ನು ಮುಟ್ಟದೆ, ಹಿಮದ ಬೆಟ್ಟದ ಚೀಟಿಯನ್ನೂ ಕೀಳದೆ, ಮುಚ್ಚಳ ಬಿಗಿದು, ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಅಟ್ಟದ ಮೇಲೆ ಇಟ್ಟಿದ್ದೇನೆ. ತಮ್ಮ ಕಚೇರಿಯಿಂದ ಯಾರಾದರೂ ಬಂದರೆ ಒಪ್ಪಿಸುತ್ತೇನೆ. ಬರಲಾಗದಿದ್ದರೆ ಯಾವ ಅಧಿಕಾರಿಗೆ ಒಪ್ಪಿಸಬೇಕೆಂದು ತಿಳಿಸಿದರೂ ಸಾಕು, ನಾನೇ ತಂದುಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕ
ತುಮಕೂರು ಜಿಲ್ಲೆ